ಹೊಟ್ಟೆ ನೀಲಿಯಾಗಿದೆ, ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಡಬಹುದಾ?

ಆಪರೇಷನ್ ಆದ ಅಮ್ಮನಿಗೆ ಮನೆಯಲ್ಲೇ ಎನೊಕ್ಸಪರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್) ಚುಚ್ಚುತ್ತಿದ್ದೀರಿ, ಹೊಟ್ಟೆ ನೀಲಿಯಾಗಿದ್ದು ನೋಡಿ ಹೆದರಿದ್ದೀರಿ. ನಾನೂ ಹೀಗೇ ಹೆದರಿದ್ದೆ. ಯಾರನ್ನೂ ಕೇಳದೆ ನಿಲ್ಲಿಸಿಯೂ ಬಿಟ್ಟೆ.

ನಮ್ಮದು ಮಲ್ಪೆ. ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್. ಮನೆಗೆ ಕಳಿಸುವಾಗ ದಿನಕ್ಕೊಂದು 40 ಮಿಲಿಗ್ರಾಂ ಇಂಜೆಕ್ಷನ್, 28 ದಿನ ಅಂದಿದ್ದರು.

ನಾನು ಸೂಜಿ ತೆಗೆದ ಮೇಲೆ ಹತ್ತಿಯಿಂದ ಚೆನ್ನಾಗಿ ಉಜ್ಜುತ್ತಿದ್ದೆ. ಚಿಕ್ಕಂದಿನಿಂದ ಇಂಜೆಕ್ಷನ್ ಅಂದರೆ ಉಜ್ಜುವುದೇ ಅಭ್ಯಾಸ, ಅಲ್ವಾ? ಆದರೆ ಈ ಔಷಧಿ ಇರುವುದೇ ರಕ್ತ ಹೆಪ್ಪುಗಟ್ಟದಂತೆ ತಡೆಯಲು. ಚುಚ್ಚಿದಾಗ ಚರ್ಮದಡಿ ಸಣ್ಣ ರಕ್ತನಾಳ ಒಡೆದರೆ ಅದು ಬೇಗ ಮುಚ್ಚುವುದಿಲ್ಲ. ಉಜ್ಜಿದರೆ ಇನ್ನೂ ಹರಡುತ್ತದೆ. ಅದರ ಮೇಲೆ, ಕೈಗೆ ಸಲೀಸು ಅಂತ ದಿನಾ ಬಲಗಡೆಯೇ ಚುಚ್ಚಿದೆ. ಹತ್ತನೇ ದಿನಕ್ಕೆ ಅಂಗೈಯಗಲ ನೀಲಿ. ರಕ್ತ ಜಾಸ್ತಿ ತೆಳ್ಳಗಾಗಿದೆ ಅಂತ ನಾನೇ ತೀರ್ಮಾನಿಸಿದೆ. ನಾನು ಉಜ್ಜಿ ಮಾಡಿದ್ದನ್ನು ಔಷಧಿಯ ತಲೆಗೆ ಕಟ್ಟಿದೆ.

ನಿಲ್ಲಿಸಿದ ಆರನೇ ದಿನ ಅಮ್ಮನ ಎಡಗಾಲು ಊದಿ ಬಿಸಿಯಾಯಿತು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತು. ಅದು ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯವಿತ್ತು. ಮತ್ತೆ ಅದೇ ಔಷಧಿ, ಈಗ ತೂಕ ನೋಡಿ ದಿನಕ್ಕೆರಡು ಸಲ. ಎನೊಕ್ಸಪರಿನ್‌ನಂಥ ಹೆಪಾರಿನ್ ಜಾತಿಯ ಔಷಧಿ ಆಗಲೇ ಆದ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಕರಗಿಸುವುದು ದೇಹವೇ, ನಿಧಾನವಾಗಿ. ಅಮ್ಮನ ಆ ಕಾಲು ಈಗಲೂ ಸಂಜೆಗೆ ಊದುತ್ತದೆ.

ಮಾತ್ರೆ ಸುಲಭ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮ್ಮನಿಗೆ ಆಮೇಲೆ ವಾರ್ಫರಿನ್ ಮಾತ್ರೆ ಕೊಟ್ಟರು. ಅದು ಹಿಡಿಯಲು ಐದಾರು ದಿನ ಬೇಕು, ಅಲ್ಲಿಯವರೆಗೆ ಇಂಜೆಕ್ಷನ್ನೂ ತಪ್ಪುವುದಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆ ಪದೇ ಪದೇ. ಬಸಳೆಯಲ್ಲಿ ವಿಟಮಿನ್ ಕೆ ಇದೆ, ಅದು ವಾರ್ಫರಿನ್ ಕೆಲಸವನ್ನು ತಗ್ಗಿಸುತ್ತದೆ. ಒಂದು ವಾರ ಸಿಗಡಿ ಹಾಕಿದ ಬಸಳೆ ದಿನಾ ತಿಂದು, ಮುಂದಿನ ವಾರ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹೊಸ ಮಾತ್ರೆಗಳಿಗೆ ಈ ತಾಪತ್ರಯ ಇಲ್ಲ. ಆದರೆ ಅದನ್ನು ಡಾಕ್ಟರೇ ಹೇಳಬೇಕು, ನೀವು ಅಂಗಡಿಯಿಂದ ತರುವುದಲ್ಲ.

ಇವತ್ತಿನಿಂದ ಹತ್ತಿಯನ್ನು ಸುಮ್ನೆ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಒಂದು ದಿನ ಎಡ, ಒಂದು ದಿನ ಬಲ, ಹೊಕ್ಕುಳಿನಿಂದ ಮೂರು ಬೆರಳು ದೂರ. ಕಲೆಯ ಫೋಟೋ ಈಗಲೇ ಡಾಕ್ಟರಿಗೆ ಕಳಿಸಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಪರೀಕ್ಷೆ ಬೇಕಾ ಅಂತಲೂ ಕೇಳಿ, ಕೆಲವರಿಗೆ ಔಷಧಿ ಶುರುವಾದ 5ರಿಂದ 10 ದಿನದೊಳಗೆ ಪ್ಲೇಟ್‌ಲೆಟ್ ಇಳಿಯುವುದುಂಟು. ಮಲ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ ಫೋಟೋ, ಫೋನ್ ಅಂತ ಕಾಯಬೇಡಿ. ಮಧ್ಯರಾತ್ರಿಯಾದರೂ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.