ಫಿಟ್ಸ್ ನಿಂತ ಮೇಲೆ ಏನನ್ನು ನೋಡುತ್ತಿರಬೇಕು?

ಹುಟ್ಟಿದ ದಿನವೇ ಫಿಟ್ಸ್ ಬಂದ ಮಗುವೊಂದರ ಕಥೆ ಇದು. ಅದರ ತಾಯಿಯನ್ನು ರೇಖಾ ಅಂತ ಕರೆಯೋಣ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಮೊದಲ ಹೆರಿಗೆ, ದಿನ ತುಂಬಿದ ಗಂಡು ಮಗು. ನೋವು ಶುರುವಾಗಿ ಬಹಳ ಹೊತ್ತಾದ ಮೇಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದ್ದರು. ಹುಟ್ಟಿದಾಗ ಮಗು ಅಳಲಿಲ್ಲ. ಮಾಸ್ಕ್ ಹಾಕಿ ಉಸಿರು ಕೊಡಬೇಕಾಯಿತು. ಅವತ್ತು ರಾತ್ರಿಯೇ ಫಿಟ್ಸ್ ಬಂತು. ಮೂರನೇ ದಿನಕ್ಕೆ ನಿಂತಿತು. ಮನೆಗೆ ಕಳಿಸುವ ಮುಂಚೆ ಫಿಟ್ಸ್ ಔಷಧಿಯನ್ನೂ ನಿಲ್ಲಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ‘ಎಚ್‌ಐಇ, ಸ್ಟೇಜ್ 2’ ಅಂತ ಬರೆದಿತ್ತು. ಅಂದರೆ ಹೆರಿಗೆಯ ಹೊತ್ತಲ್ಲಿ ಮೆದುಳಿಗೆ ರಕ್ತ, ಆಮ್ಲಜನಕ ಸಾಲದೆ ಬಿದ್ದ ಪೆಟ್ಟು. ತೀರಾ ಹಗುರದ್ದೂ ಅಲ್ಲ, ಅತಿ ಗಂಭೀರವೂ ಅಲ್ಲ, ನಡುವಿನದು.

ನಮ್ಮ ಕೇಂದ್ರಕ್ಕೆ ಬಂದಾಗ ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಜೊತೆಗೆ ಗಂಡ, ಅತ್ತೆ, ತವರಿನ ಅಮ್ಮ. ಒಬ್ಬೊಬ್ಬರದು ಒಂದೊಂದು ಮಾತು. ಗಂಡನಿಗೆ ಆಸ್ಪತ್ರೆಯ ಮೇಲೆ ಸಿಟ್ಟು. “ಫಿಟ್ಸ್ ಔಷಧಿ ಎರಡು ವರ್ಷ ಕೊಡ್ಬೇಕು ಅಂತಾರಲ್ಲ ಮೇಡಂ, ಇವ್ರು ಅಲ್ಲೇ ನಿಲ್ಲಿಸಿ ಕಳಿಸಿಬಿಟ್ರು. ಮಗೂನ ತಣ್ಣಗಿಡೋ ಮಿಷನ್ ಇದೆಯಂತೆ, ಅದಕ್ಕೂ ಹಾಕಲಿಲ್ಲ.” ಅತ್ತೆಗೆ ಸೊಸೆ ಗ್ರಹಣದ ದಿನ ಹೊರಗೆ ಬಂದಿದ್ದೇ ಕಾರಣ. ತವರಿನ ಅಮ್ಮ ಬಜೆ ತೇಯ್ದು ನೆಕ್ಕಿಸಲಾ, ಊರಲ್ಲಿ ಬರೆ ಹಾಕಿಸಲಾ ಅಂತ ಕೇಳಿದರು. ರೇಖಾ ಮಾತ್ರ ಏನೂ ಕೇಳಲಿಲ್ಲ. ಮಗುವಿನ ತುಟಿಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಗೊತ್ತಾಯಿತು, ರಾತ್ರಿಯಿಡೀ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಹಾಗೇ ಕೂರುತ್ತಾಳಂತೆ.

ಇಂಥ ಹೊತ್ತಲ್ಲಿ ದೊಡ್ಡ ಮಾತು ಕೆಲಸಕ್ಕೆ ಬರುವುದಿಲ್ಲ. ನಾನು ಮಗುವಿನಿಂದಲೇ ಶುರು ಮಾಡಿದೆ. ಬಟ್ಟೆ ಬಿಚ್ಚಿದಾಗ ಅವನ ಕಾಲು ಗಡಗಡ ನಡುಗಿತು. ರೇಖಾ ಮುಖ ಬಿಳಿಚಿಕೊಂಡಿತು. “ಕಾಲು ಮೆಲ್ಲಗೆ ಮಡಿಸಿ ಹಿಡ್ಕೋ ನೋಡೋಣ” ಅಂದೆ. ಹಿಡಿದಳು. ನಡುಕ ನಿಂತಿತು. ಬಿಟ್ಟಳು, ಮತ್ತೆ ಸ್ವಲ್ಪ ನಡುಗಿತು. ಮತ್ತೆ ಹಿಡಿದಳು, ನಿಂತಿತು. ಹಿಡಿದರೆ ನಿಲ್ಲುವುದು ಬರೀ ನಡುಕ. ಫಿಟ್ಸ್ ಆದರೆ ಹಿಡಿದರೂ ಒಳಗೊಳಗೇ ಜಗ್ಗುತ್ತಿರುತ್ತದೆ. ಕಣ್ಣು ಒಂದೇ ಕಡೆಗೆ ನೆಟ್ಟು ನಿಲ್ಲುವುದು, ಸುಮ್ನೆ ಚಪ್ಪರಿಸುತ್ತಲೇ ಇರುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು, ಉಸಿರು ನಿಂತು ಮೈ ನೀಲಿಯಾಗುವುದು, ಹಸುಗೂಸಿನ ಫಿಟ್ಸ್ ಹೀಗೂ ಇರುತ್ತದೆ. ದೊಡ್ಡವರಂತೆ ಮೈಯೆಲ್ಲ ಒದ್ದಾಡಲೇಬೇಕು ಅಂತಿಲ್ಲ. ಅವಳು ಮೂರ್ನಾಲ್ಕು ಸಲ ತಾನೇ ಮಾಡಿ ನೋಡಿದಳು. ಅವತ್ತಿನ ಭೇಟಿಯಲ್ಲಿ ಅವಳಿಗೆ ಉಪಯೋಗಕ್ಕೆ ಬಂದದ್ದು ಇದೊಂದೇ ಅಂತ ನನಗನ್ನಿಸುತ್ತದೆ.

ಗಂಡನಿಗೆ ಬೇರೆ ರೀತಿ ಹೇಳಬೇಕಿತ್ತು, ಆತ ಓದಿಕೊಂಡು ಬಂದಿದ್ದ. ತಣ್ಣಗಿಡುವ ಚಿಕಿತ್ಸೆ ಇರುವುದು ನಿಜ. ಹುಟ್ಟಿದ 6 ಗಂಟೆಯೊಳಗೆ ಶುರುಮಾಡಿ, 72 ಗಂಟೆ ಮೈಯ ಶಾಖವನ್ನು 33-34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಶ್ರೀಮಂತ ದೇಶಗಳಲ್ಲಿ ಅದರಿಂದ ಉಪಯೋಗ ಆಗಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ಅದು ಸಾವು, ಅಂಗವೈಕಲ್ಯ ಯಾವುದನ್ನೂ ಕಡಿಮೆ ಮಾಡಲಿಲ್ಲ. ತಣ್ಣಗಿಟ್ಟ ಗುಂಪಿನಲ್ಲೇ ಸಾವು ಜಾಸ್ತಿ ಇತ್ತು. ಆ ಮಿಷನ್ ಸಿಗದಿದ್ದಕ್ಕೇ ಮಗ ಹೀಗಾದ ಅಂತ ಎದೆಗೆ ಹಚ್ಚಿಕೊಳ್ಳುವುದು ಬೇಡ ಅಂದೆ. ಬೇರೆ ಆಸ್ಪತ್ರೆಗೆ ಕಳಿಸಲು ತಡಮಾಡಿದ್ದು ಬೇರೆ ವಿಷಯ. ಆ ಸಿಟ್ಟಿನಲ್ಲಿ ನ್ಯಾಯ ಇತ್ತು. ಅದನ್ನು ಸಮಾಧಾನದ ಮಾತಿನಿಂದ ಮುಚ್ಚಲು ನಾನು ಹೋಗಲಿಲ್ಲ.

ಔಷಧಿಯ ವಿಷಯ. ಈ ತರಹದ ಪೆಟ್ಟಿನಿಂದ ಬರುವ ಫಿಟ್ಸ್ ಸಾಮಾನ್ಯವಾಗಿ ಮೊದಲ ದಿನವೇ ಶುರುವಾಗಿ ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ. ಅದು ಪೆಟ್ಟಿನ ಆ ಹೊತ್ತಿನ ಪರಿಣಾಮ, ಆಗಲೇ ಮೂರ್ಛೆ ರೋಗ ಅಂತ ಕರೆಯುವುದಿಲ್ಲ. ಅಮೆರಿಕದ 9 ಆಸ್ಪತ್ರೆಗಳು ಇಂಥ 303 ಮಕ್ಕಳನ್ನು ಎರಡು ವರ್ಷ ಗಮನಿಸಿ 2021ರಲ್ಲಿ ವರದಿ ಕೊಟ್ಟವು. ಔಷಧಿ ನಿಲ್ಲಿಸಿ ಮನೆಗೆ ಕಳಿಸಿದ ಮಕ್ಕಳು, ಮನೆಗೆ ಹೋದ ಮೇಲೂ ಔಷಧಿ ತೆಗೆದುಕೊಂಡ ಮಕ್ಕಳು, ಇವರ ಬೆಳವಣಿಗೆಯಲ್ಲಾಗಲಿ ಮುಂದೆ ಮೂರ್ಛೆ ರೋಗ ಬರುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಟ್ಟಾರೆ ನೂರಕ್ಕೆ ಸುಮಾರು 13 ಮಕ್ಕಳಿಗೆ ಮುಂದೆ ಮೂರ್ಛೆ ರೋಗ ಬಂತು. ಮನೆಗೆ ಕಳಿಸುವ ಮುಂಚೆಯೇ ನಿಲ್ಲಿಸಿ ಅಂತ 2023ರ ಅಂತಾರಾಷ್ಟ್ರೀಯ ಸಲಹೆಯೂ ಹೇಳುತ್ತದೆ. “ಹಾಗಾದ್ರೆ ಅವ್ರು ಸರಿಯಾಗೇ ಮಾಡಿದ್ದಾರೆ” ಅಂದ ಆತ. ಒಪ್ಪಿಕೊಳ್ಳಲು ಕಷ್ಟವಾಯಿತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಅತ್ತೆಗೆ ನಾನು ವಿಜ್ಞಾನ ಹೇಳಲಿಲ್ಲ. ಎಂಆರ್‌ಐ ವರದಿಯಲ್ಲಿ ಇರುವುದು ಹೆರಿಗೆಯ ಹೊತ್ತಿನ ಪೆಟ್ಟು ಅಂತ ಡಾಕ್ಟರೇ ಹೇಳಿದ್ದಾರೆ, ಗ್ರಹಣದ್ದಲ್ಲ ಅಂದೆ. ತವರಿನ ಅಮ್ಮನಿಗೆ, ಬರೆ ಖಡಾಖಂಡಿತ ಬೇಡ ಅಂದೆ. ಸುಟ್ಟ ಗಾಯ ಕೀವಾಗಿ ಎಳೆಗೂಸಿನ ಜೀವಕ್ಕೇ ಕುತ್ತು ತರುತ್ತದೆ. ಬಜೆಯೂ ಬೇಡ. ಇವನಿಗೆ ಮೊಲೆಹಾಲು ನುಂಗುವುದೇ ಇನ್ನೂ ಕಷ್ಟ. ಬೇರೆ ಏನೇ ನೆಕ್ಕಿಸಿದರೂ ಶ್ವಾಸನಾಳಕ್ಕೆ ಹೋಗಬಹುದು. ಫಿಟ್ಸ್ ಬಂದರೆ ಕೈಗೆ ಕೀಲಿಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು ಯಾವುದೂ ಬೇಡ. ಒಂದು ಪಕ್ಕಕ್ಕೆ ಮಲಗಿಸಿ, ಹೊತ್ತು ನೋಡಿಕೊಳ್ಳಿ, ಆಸ್ಪತ್ರೆಗೆ ಹೊರಡಿ. ಬೇಕಿದ್ದರೆ ದೃಷ್ಟಿ ತೆಗೆಯಿರಿ, ಅದಕ್ಕೆ ನನ್ನ ತಕರಾರಿಲ್ಲ.

ಕೊನೆಗೆ ಅಜ್ಜಿಯೇ ಕೇಳಿದರು: “ಮಗ ಸರಿ ಹೋಗ್ತಾನಾ?”

ಈ ಪ್ರಶ್ನೆಗೆ ‘ಕಾದು ನೋಡೋಣ’ ಅಂತ ಹೇಳಿ ಕಳಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಏನನ್ನು ನೋಡಬೇಕು ಅಂತ ಹೇಳದೆ ಕಾಯಲು ಹೇಳುವುದು ಸಲಹೆಯೇ ಅಲ್ಲ. ಎಂಆರ್‌ಐ ವರದಿಯ ಪ್ರಕಾರ ಮೆದುಳಿನ ಅಂಚಿನ ಭಾಗಗಳಿಗೆ ಪೆಟ್ಟು ಜಾಸ್ತಿ, ಒಳಗಿನ ನಡುಭಾಗಕ್ಕೆ ಸ್ವಲ್ಪ. ನಡುಭಾಗದ ಪೆಟ್ಟು ಕೈಕಾಲಿನ ಚಲನೆಯಲ್ಲಿ ಮೊದಲ ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ. ಅಂಚಿನ ಪೆಟ್ಟು ಹಾಗಲ್ಲ. ಮಗು ಹೊತ್ತಿಗೆ ಸರಿಯಾಗಿ ನಡೆದರೂ ಮಾತು, ಕಲಿಕೆಯ ತೊಂದರೆ ಎರಡು-ಮೂರು ವರ್ಷಕ್ಕೆ, ಕೆಲವೊಮ್ಮೆ ಶಾಲೆಗೆ ಹಾಕಿದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ನಡೆದ ಅಂತ ಬರುವುದನ್ನು ನಿಲ್ಲಿಸಬೇಡಿ ಅಂತ ಅವತ್ತೇ ಹೇಳಿದೆ.

ತಾಯಿ ಕಾರ್ಡಿನ ಹಿಂದೆ ರೇಖಾಳ ಕೈಯಲ್ಲೇ ಬರೆಸಿದೆ. ಎರಡು ತಿಂಗಳಿಗೆ ಮುಖ ನೋಡಿ ನಗುತ್ತಾನಾ? ನಾಲ್ಕಕ್ಕೆ ಕುತ್ತಿಗೆ ನಿಂತಿತಾ? ಆಗಲೂ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಬಿಗಿದೇ ಇರುತ್ತಾನಾ? ಎತ್ತಿ ನಿಲ್ಲಿಸಿದರೆ ಕಾಲು ಕತ್ತರಿ ಹಾಕುತ್ತವಾ? ವರ್ಷದೊಳಗೇ ಒಂದೇ ಕೈ ಬಳಸಿದರೆ ‘ನಮ್ಮವನು ಎಡಚ’ ಅಂತ ನಗಬೇಡಿ, ಇನ್ನೊಂದು ಕೈ ಯಾಕೆ ಸುಮ್ಮನಿದೆ ಅಂತ ತೋರಿಸಲು ಕರೆತನ್ನಿ. ಪ್ರತಿ ಸಲ ತಲೆ ಸುತ್ತಳತೆ ತೆಗೆಸಿ. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಹೆಚ್ಚುಕಡಿಮೆ 2 ಸೆಂ.ಮೀ. ಬೆಳೆಯಬೇಕು. ಕಿವಿ ಕೇಳಿಸುತ್ತದಾ ಅಂತ ನೋಡುವ ಬೇರಾ ಪರೀಕ್ಷೆ, ಕಣ್ಣಿನ ಪರೀಕ್ಷೆ ಬಾಕಿ ಇದ್ದವು, ದಿನ ಗೊತ್ತು ಮಾಡಿದೆವು. ಎಲ್ಲಕ್ಕಿಂತ ಕೆಳಗೆ ದೊಡ್ಡಕ್ಷರದಲ್ಲಿ ಒಂದು ಸಾಲು: ಮೂರು ತಿಂಗಳ ನಂತರ, ನಿದ್ದೆಯಿಂದ ಎದ್ದಾಗ, ಸಾಲುಸಾಲಾಗಿ ಬೆಚ್ಚಿಬಿದ್ದರೆ ವಿಡಿಯೋ ಮಾಡಿ, ಅವತ್ತೇ ತೋರಿಸಿ.

ಐದೂವರೆ ತಿಂಗಳಿಗೆ ಆ ವಿಡಿಯೋ ಬಂತು. ಚಾಪೆಯ ಮೇಲೆ ಮಗು ಆಗತಾನೇ ಎದ್ದಿದೆ. ಎರಡೂ ಕೈ ಫಟ್ಟನೆ ಮೇಲೆ ಹೋಗುತ್ತವೆ, ತಲೆ ಮುಂದಕ್ಕೆ ಬಾಗುತ್ತದೆ, ಒಂದು ಕ್ಷಣ ಅಷ್ಟೇ. ಕೆಲವು ಸೆಕೆಂಡು ಸುಮ್ಮನೆ. ಮತ್ತೆ ಹಾಗೇ. ಮತ್ತೆ. ಹಿಂದೆ ಅಜ್ಜಿಯ ದನಿ: “ಬೆಚ್ಚಿಬಿದ್ಯಾ ಕಂದ, ಏನಿಲ್ಲ, ಏನಿಲ್ಲ.” ವಾರದಿಂದ ನಗುವುದನ್ನೂ ನಿಲ್ಲಿಸಿದ್ದಾನೆ ಅಂತ ರೇಖಾ ಬರೆದಿದ್ದಳು. ಮನೆಯವರು ಹೊಟ್ಟೆನೋವು, ಗ್ಯಾಸ್ ಅಂದಿದ್ದರಂತೆ.

ಇದಕ್ಕೆ ಇನ್ಫಂಟೈಲ್ ಸ್ಪಾಸಮ್ಸ್ ಅನ್ನುತ್ತಾರೆ. ಹುಟ್ಟುವಾಗ ಮೆದುಳಿಗೆ ಪೆಟ್ಟಾದ ಮಕ್ಕಳಲ್ಲಿ ಮೂರು ತಿಂಗಳಿಂದ ಒಂದು ವರ್ಷದ ಒಳಗೆ ಕಾಣಿಸಿಕೊಳ್ಳುವ ಬೇರೆಯೇ ತರಹದ ಫಿಟ್ಸ್. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ಇದು ನಡೆಯುತ್ತಿದ್ದಷ್ಟು ದಿನ ಕಲಿತದ್ದೂ ಮರೆತುಹೋಗುತ್ತದೆ. ಚಿಕಿತ್ಸೆ ತಡವಾದಷ್ಟೂ ಬೆಳವಣಿಗೆಗೆ ಪೆಟ್ಟು. ಮಕ್ಕಳ ನರರೋಗ ತಜ್ಞರಿಗೆ ಅವತ್ತೇ ಫೋನ್ ಮಾಡಿದೆ. ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆಯಲ್ಲಿ ಖಚಿತವಾಯಿತು. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಔಷಧಿ ಶುರುವಾಯಿತು. ಬಿಪಿ ನೋಡಿಸುತ್ತಿರಬೇಕು, ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರಬಾರದು, ಔಷಧಿಯನ್ನು ತಾವಾಗೇ ತಟ್ಟನೆ ನಿಲ್ಲಿಸಬಾರದು, ಮುಖ ಊದಿಕೊಂಡರೆ ಗಾಬರಿ ಬೇಡ. ಇಷ್ಟನ್ನು ಮನೆಯವರಿಗೆಲ್ಲ ಕೂರಿಸಿ ಹೇಳಿದೆ. ಎರಡನೇ ವಾರದಲ್ಲಿ ಬೆಚ್ಚುವುದು ನಿಂತಿತು. ನಿಂತಿದೆ ಅಂತ ಕಣ್ಣಿಗೆ ಕಂಡರೆ ಸಾಲದು, ಇಇಜಿ ಮತ್ತೆ ಮಾಡಿಸಬೇಕು. ಮಾಡಿಸಿದರು, ಸುಧಾರಿಸಿತ್ತು.

ಗಂಡನ ಹಳೇ ಪ್ರಶ್ನೆ ಮತ್ತೆ ಬಂತು: “ಆಗಲೇ ಔಷಧಿ ಮುಂದುವರಿಸಿದ್ರೆ ಇದು ಬರ್ತಿರಲಿಲ್ಲ, ಅಲ್ವಾ?” ಇಲ್ಲ ಅಂದೆ. ಇದನ್ನು ತಡೆಯುವ ಔಷಧಿ ಅದಲ್ಲ. ಎರಡಕ್ಕೂ ಮೂಲ ಅದೇ ಪೆಟ್ಟು. ತಡೆಯಲು ಆಗದಿದ್ದರೂ ಬೇಗ ಹಿಡಿಯಲು ಆಗುತ್ತದೆ, ಅದನ್ನು ಅವನ ಹೆಂಡತಿ ಮಾಡಿದ್ದಾಳೆ ಅಂತ ಅತ್ತೆಯ ಎದುರಿಗೇ ಹೇಳಿದೆ. ಬೇಕಂತಲೇ ಹೇಳಿದೆ.

ಈಗ ಅವನಿಗೆ ಎರಡೂವರೆ. ಕೂತದ್ದು 11 ತಿಂಗಳಿಗೆ, ನಡೆದದ್ದು ಎರಡು ತುಂಬುವ ಹೊತ್ತಿಗೆ. ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಪಾದಕ್ಕೆ ಪಟ್ಟಿ ಹಾಕುತ್ತಾರೆ. ಸೌಮ್ಯ ಮಟ್ಟದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪೆಟ್ಟಿನಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ, ಅಂತ ಡಾಕ್ಟರು ಹೇಳಿದ್ದಾರೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಹತ್ತಾರು. ಫಿಸಿಯೋ, ಮಾತಿನ ತರಬೇತಿ ಎರಡೂ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಸರ್ಕಾರಿ ಕೇಂದ್ರ) ಉಚಿತವಾಗಿ ನಡೆಯುತ್ತಿವೆ. ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ಬೇರೆ ಹೊತ್ತು ಮಾಡಿಕೊಂಡು ಮಾಡಬೇಕಿಲ್ಲ. ಸ್ನಾನ, ಊಟ, ಬಟ್ಟೆ ತೊಡಿಸುವಾಗಲೇ ಸೇರಿಸಿ ಅಂತ ಹೇಳಿದ್ದೇನೆ. ಅಜ್ಜಿ ಬಟಾಣಿ ಸುಲಿಯಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಒಂದು ಕೊಡು’ ಅಂತ ಬಲಗೈಗೇ ಕೇಳುತ್ತಾರೆ. ಯಾವ ಥೆರಪಿಗೂ ಕಡಿಮೆಯಿಲ್ಲ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಲು ಗಂಡನಿಗೆ ಇಷ್ಟವಿರಲಿಲ್ಲ. ಹಣೆಪಟ್ಟಿ ಅಂಟಿಸಿದ ಹಾಗಾಗುತ್ತೆ ಅಂದ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಮುಂದೆ ಮತ್ತೆ ಪರೀಕ್ಷಿಸುತ್ತಾರೆ. ಇಂಥ ಮಕ್ಕಳಿಗೆ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಥೆರಪಿಯೂ ಅದರಲ್ಲಿ ಬರುತ್ತದೆ. ಲೆಕ್ಕ ಹಾಕಿ ತೋರಿಸಿದ ಮೇಲೆ ಅರ್ಜಿ ಹಾಕಿದ. ಅಂಗನವಾಡಿಗೆ ಈ ವರ್ಷವೇ ಸೇರಿಸಿ ಅಂದಿದ್ದೇನೆ. ಮಾತು ಬಂದ ಮೇಲೆ ಕಳಿಸೋಣ ಅಂತ ಕಾದರೆ ಮಾತಾಡುವ ಮಕ್ಕಳ ಜೊತೆ ಸಿಗುವುದೇ ತಪ್ಪುತ್ತದೆ.

ಕಳೆದ ಸಲ ರೇಖಾ ಒಬ್ಬಳೇ ಬಂದಿದ್ದಳು. ಇನ್ನೊಂದು ಮಗು ಆದರೆ ಅದಕ್ಕೂ ಹೀಗೇ ಆಗುತ್ತಾ ಅಂತ ಕೇಳಿದಳು. ಹೆರಿಗೆಯ ಹೊತ್ತಿನ ಪೆಟ್ಟು ವಂಶದಿಂದ ಬರುವುದಲ್ಲ. ಆದರೂ ಮುಂದಿನ ಬಸುರಿಗೆ ಮುಂಚೆ ಹೆರಿಗೆ ತಜ್ಞರನ್ನು ಕಾಣಬೇಕು. ಸಿಸೇರಿಯನ್ ಸೌಲಭ್ಯ, ಎಸ್‌ಎನ್‌ಸಿಯು (ಹಸುಗೂಸುಗಳ ವಿಶೇಷ ಆರೈಕೆ ಘಟಕ) ಎರಡೂ ಒಂದೇ ಕಡೆ ಇರುವ ಆಸ್ಪತ್ರೆಯಲ್ಲೇ ಹೆಸರು ಬರೆಸಬೇಕು, ನೋವು ಬಂದ ಮೇಲೆ ಹುಡುಕಾಡುವುದಲ್ಲ. ಮೊದಲ ಮಗುವಿನ ಡಿಸ್ಚಾರ್ಜ್ ಚೀಟಿಯನ್ನು ಮೊದಲ ತಪಾಸಣೆಯ ದಿನವೇ ತೋರಿಸಲು ಹೇಳಿ ಕಳಿಸಿದೆ.