ಸೋಯಾ ವಡಿ ತಿಂದರೆ ಗಂಡಸುತನ ಹೋಗುತ್ತಾ?

ಪ್ರಶ್ನೆ: ನಮ್ಮದು ಅಕ್ಕಲಕೋಟೆ ಹತ್ತಿರದ ಹಳ್ಳಿ. ಐದಾರು ವರ್ಷದಿಂದ ಸೋಯಾಬೀನ್ ಬಿತ್ತುತ್ತಿದ್ದೇವೆ, ಆದರೆ ಬೆಳೆದದ್ದೆಲ್ಲ ಅಡತಿ ಅಂಗಡಿಗೆ ಹೋಗುತ್ತದೆ, ಮನೆಯಲ್ಲಿ ಒಂದು ಕಾಳೂ ತಿಂದವರಲ್ಲ. ಈಗ ಮಗ ಜಿಮ್ಮಿಗೆ ಹೋಗಿ ಬಂದು ದಿನಾ ಬಟ್ಟಲು ತುಂಬ ಸೋಯಾ ವಡಿ ತಿನ್ನುತ್ತಾನೆ. ಗಂಡಸುತನ ಹೋಗುತ್ತದೆ ಅಂತ ಅತ್ತೆ ಬೈಯುತ್ತಾರೆ. ನನಗೆ ಥೈರಾಯ್ಡ್ ಗುಳಿಗೆ ಇದೆ. ನಾವೂ ತಿನ್ನಬಹುದಾ? ಜೋಳದ ಹಿಟ್ಟಿಗೆ ಬೆರೆಸಬಹುದಾ?

ಉತ್ತರ: ತಿನ್ನಬಹುದು ಅಕ್ಕಾ. ತೊಗರಿ, ಕಡಲೆ ಇದ್ದ ಹಾಗೆ ಅದೂ ಒಂದು ಕಾಳು, ಪ್ರೋಟೀನ್ ಮಾತ್ರ ಜಾಸ್ತಿ. ತೊಗರಿಬೇಳೆಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಇದ್ದರೆ ಸೋಯಾದಲ್ಲಿ 36ರ ಹತ್ತಿರ. ನಿಮ್ಮ ಮಗ ತಿನ್ನುವ ವಡಿಯೂ ನೀವು ಮಾರುವಂಥ ಕಾಳಿನಿಂದಲೇ ಆದದ್ದು. ಮಿಲ್ಲಿನಲ್ಲಿ ಎಣ್ಣೆ ತೆಗೆದ ಮೇಲೆ ಉಳಿದದ್ದರಲ್ಲಿ ದೊಡ್ಡ ಪಾಲು ಹಿಂಡಿಯಾಗಿ ಕೋಳಿಗಳಿಗೆ ಹೋಗುತ್ತದೆ, ಸ್ವಲ್ಪ ಭಾಗ ವಡಿಯಾಗಿ ನಿಮ್ಮೂರ ಅಂಗಡಿಗೇ ವಾಪಸ್ ಬರುತ್ತದೆ. ಅದರಲ್ಲಿ ಅರ್ಧದಷ್ಟು ಪ್ರೋಟೀನೇ.

ಅತ್ತೆಯವರು ಸುಮ್ನೆ ಹೇಳಿದ್ದಲ್ಲ. ಸೋಯಾದಲ್ಲಿರುವ ಐಸೊಫ್ಲೇವೋನ್ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜೆನ್ನನ್ನು ಹೋಲುತ್ತದೆ. ಹೋಲುತ್ತದೆ ಅಷ್ಟೇ, ಅದೇ ಅಲ್ಲ. ಗಂಡಸರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗಿಟ್ಟು 2010ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ನೋಡಿದಾಗ ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ಇಳಿದದ್ದು ಕಾಣಲಿಲ್ಲ. 2008ರಲ್ಲಿ ಅಮೆರಿಕದ ಒಬ್ಬರಿಗೆ ಎದೆ ಊದಿದ ವರದಿ ಬಂದದ್ದು ನಿಜ, ಆದರೆ ಆ ಮನುಷ್ಯ ದಿನಕ್ಕೆ ಹತ್ತಿರ ಹತ್ತಿರ ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು. (ಮೂರು ಲೀಟರ್! ಎಮ್ಮೆ ಕರುವಿಗೂ ಜಾಸ್ತಿ ಆಯ್ತು.) ಮಗನಿಗೆ ಒಣ ವಡಿ ಒಂದು ಹಿಡಿ, ಅಂದರೆ 30 ಗ್ರಾಂ ಸಾಕು. ಬಟ್ಟಲುಗಟ್ಟಲೆ ತಿಂದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಸೋಯಾ ಇದೆ ಅಂತ ಮೊಸರು, ಮೊಟ್ಟೆ ಬಿಡುವುದೂ ಬೇಡ, ಬಿ12 ವಿಟಮಿನ್ ವಡಿಯಲ್ಲಿ ಸಿಗುವುದಿಲ್ಲ.

ನಾನು ಹೆದರಿಸುವುದಿದ್ದರೆ ನಿಮ್ಮನ್ನೇ. ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದನ್ನು ಸೋಯಾ ತಡೆಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ತಗೊಳ್ಳಿ, ಸೋಯಾ ಏನಿದ್ದರೂ ಮಧ್ಯಾಹ್ನದ ಊಟಕ್ಕೆ ಇಲ್ಲವೇ ರಾತ್ರಿಗೆ. ದಿನಾ ತಿನ್ನಲು ಶುರು ಮಾಡಿದರೆ ಡಾಕ್ಟರಿಗೆ ಹೇಳಿ, ಆರೆಂಟು ವಾರದ ಮೇಲೆ ಟಿಎಸ್ಎಚ್ (ಥೈರಾಯ್ಡಿನ ರಕ್ತಪರೀಕ್ಷೆ) ಇನ್ನೊಮ್ಮೆ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ ಅವರೂ ಕೇಳಿಯೇ ತಿನ್ನಲಿ.

ಹಿಟ್ಟಿಗೆ ಬೆರೆಸಿ, ಒಳ್ಳೆಯದೇ. ಜೋಳದಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಸೋಯಾದಲ್ಲಿ ಅದು ಧಾರಾಳ. ಆದರೆ ಹಸಿ ಕಾಳನ್ನು ಸೀದಾ ಗಿರಣಿಗೆ ಒಯ್ಯಬೇಡಿ, ಪ್ರೋಟೀನ್ ಅರಗಲು ಬಿಡದ ಒಂದು ಅಂಶ ಹಸಿ ಕಾಳಿನಲ್ಲಿದೆ, ಬೆಂದರೆ ಹೋಗುತ್ತದೆ. ಕುದಿಯುವ ನೀರಿಗೆ ಹಾಕಿ 20-25 ನಿಮಿಷ ಬೇಯಿಸಿ, ನೀರು ಚೆಲ್ಲಿ, ಬಿಸಿಲಲ್ಲಿ ಕಟಕಟ ಅನ್ನುವಂತೆ ಒಣಗಿಸಿ ಬೀಸಿಸಿ. 9 ಕಿಲೋ ಜೋಳಕ್ಕೆ 1 ಕಿಲೋ ಸಾಕು, ಜಾಸ್ತಿಯಾದರೆ ರೊಟ್ಟಿಯ ರುಚಿ ಕೆಡುತ್ತದೆ. ಎಣ್ಣೆಕಾಳಾದ್ದರಿಂದ ಹಿಟ್ಟು ಬೇಗ ಕಮಟಾಗುತ್ತದೆ, ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ. ಬಿತ್ತಿ ಉಳಿದ ಬೀಜದ ಚೀಲದಲ್ಲಿ ಬಣ್ಣ ಹಚ್ಚಿದ ಕಾಳು ಇರುತ್ತದಲ್ವಾ, ಅದು ರೋಗ, ಹುಳ ಬಾರದಂತೆ ವಿಷದ ಔಷಧಿ ಬಳಿದದ್ದು. ಎಷ್ಟು ತೊಳೆದರೂ ಅಡುಗೆಗೆ ಬೇಡ, ದನಕ್ಕೂ ಬೇಡ. ರಾಶಿ ಮಾಡಿ ಚೀಲ ತುಂಬುವ ದಿನವೇ ಮನೆಗೆ ಅಂತ ಐದು ಕಿಲೋ ಬೇರೆ ತೆಗೆದಿಡಿ.