ಬಾಗಲಕೋಟೆಯಿಂದ 1 ವರ್ಷದ ಮಗುವನ್ನು ವಂಡರ್‌ಲಾಗೆ ಕರ್ಕೊಂಡು ಹೋಗಬಹುದಾ? ಹೇಗೆ ಪ್ಲಾನ್ ಮಾಡೋದು?

ಹೋಗಬಹುದು, ಆದ್ರೆ ಮಗುವಿಗೋಸ್ಕರ ಅಂತ ಮಾತ್ರ ಹೋಗಬೇಡಿ. ವಂಡರ್‌ಲಾ ಅಂದ್ರೆ ಬೆಂಗಳೂರು ಹತ್ತಿರದ ಬಿಡದಿಯಲ್ಲಿರೋ ಅಮ್ಯೂಸ್‌ಮೆಂಟ್ ಪಾರ್ಕ್, ಅಲ್ಲಿ ರೈಡ್‌ಗಳಿಗೆಲ್ಲ ಎತ್ತರದ ಲೆಕ್ಕ. 1 ವರ್ಷದ ಮಗು ಸುಮಾರು 75 ಸೆಂ.ಮೀ. ಇರುತ್ತೆ, ಹಾಗಾಗಿ ಹೆಚ್ಚಿನವು ಅದಕ್ಕೆ ಸಿಗಲ್ಲ. ದೊಡ್ಡ ಮಗು ಜೊತೆಗಿದ್ದರೆ ಹೋಗಿ. ಅಜ್ಜಿಯೋ ಚಿಕ್ಕಮ್ಮನೋ ಬಂದರೆ ಇನ್ನೂ ಒಳ್ಳೇದು, ಇಲ್ಲಾಂದ್ರೆ ಗಂಡ ಹೆಂಡತಿ ಸರದಿ ಪ್ರಕಾರ ರೈಡ್ ಹತ್ತಬೇಕಾಗುತ್ತೆ.

ಪ್ರಯಾಣಕ್ಕೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸಾಕು, ರಾತ್ರಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಬೇರೆ ಬರ್ತ್ ಕೂಡ ಕೊಡಲ್ಲ, ಅದಕ್ಕೆ ಲೋವರ್ ಬರ್ತ್ ಬುಕ್ ಮಾಡಿ, ಹಾಲು ಕುಡಿಸೋಕೆ, ಬಟ್ಟೆ ಬದಲಿಸೋಕೆ ಅನುಕೂಲ. ಇಳಿದ ದಿನವೇ ಪಾರ್ಕಿಗೆ ಓಡಬೇಡಿ, ಆ ದಿನ ಮಗು ನಿದ್ದೆ ತೀರಿಸಿಕೊಳ್ಳಲಿ.

ಶನಿವಾರ, ಭಾನುವಾರ, ಬೇಸಿಗೆ ರಜೆ ಬಿಟ್ಟು ಹೋಗಿ. ಗೇಟ್ ತೆರೆಯುವ ಹೊತ್ತಿಗೇ ಒಳಗಿರಿ. ಮಧ್ಯಾಹ್ನ ನೆರಳು ಹುಡುಕಿ ಮಗುವನ್ನು ಮಲಗಿಸಿ, ಆ ನಿದ್ದೆ ತಪ್ಪಿದರೆ ಸಂಜೆಯೆಲ್ಲ ರಂಪಾಟ. ಹೊರಗಿನ ಊಟ ಒಳಗೆ ಬಿಡಲ್ಲ ಅಂತ ಹೆದರಬೇಡಿ, ಮಗುವಿನ ಆಹಾರದ ಬಗ್ಗೆ ಮೊದಲೇ ಫೋನ್ ಮಾಡಿ ಕೇಳಿ, ಮೆತ್ತಗಿನ ಜೋಳದ ನುಚ್ಚೋ ಹೆಸರುಬೇಳೆ ಅನ್ನವೋ ಡಬ್ಬಿಗೆ ಹಾಕಿಕೊಳ್ಳಿ.

ನೀರಿನಲ್ಲಿ ಸಾಮಾನ್ಯ ಡೈಪರ್ ಹೀರಿ ಉಬ್ಬಿ ಜೋತುಬೀಳುತ್ತೆ, ಸ್ವಿಮ್ ಡೈಪರ್ ತಗೊಳ್ಳಿ. ತುಂಬಾ ಕಡಿಮೆ ನೀರಿರುವ ಕಡೆ ಮಾತ್ರ ಸ್ವಲ್ಪ ಹೊತ್ತು ಆಡಿಸಿ, ಕೈ ಬಿಡಲೇಬೇಡಿ. ತುಟಿ ನಡುಗಿದ ಕೂಡಲೇ ಎತ್ತಿ, ಒರೆಸಿ, ಒಣ ಬಟ್ಟೆ ಹಾಕಿ.